ಜಟಿಂಗ ರಾಮೇಶ್ವರದ ಬಂಡೆಯೂ ಹೋಳಿಗೆಮ್ಮನ ಮೊರವೂ: ನಮ್ಮ ಸೀಮೆಯ ಧರ್ಮವನ್ನು ಓದುವ ಬಗೆ

(ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಊರಿನ ಓದುಗರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭಿಕರೇ, ವಿದ್ಯಾರ್ಥಿ ಮಿತ್ರರೇ,

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ದೇವಸ್ಥಾನದ ಮೆಟ್ಟಿಲುಗಳ ಎದುರಿಗೆ, ಅಶೋಕನ ಶಾಸನವಿರುವ ಬಂಡೆಯೊಂದಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಈ ಶಾಸನಗಳನ್ನು ಗುರುತಿಸಿ ಪ್ರಕಟಿಸಿದಾಗ, ಬೆಟ್ಟದ ಮೇಲಿನ ಈ ಬಂಡೆಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿದ್ದವು. ಸುತ್ತಲಿನ ಜನ ಅದನ್ನು ಬಳೆಗಾರರ ಗುಂಡು ಎಂದು ಕರೆಯುತ್ತಿದ್ದರು. ವರ್ಷದ ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲಿಯೇ ಅಂಗಡಿ ಹೂಡುತ್ತಿದ್ದುದು ಅದಕ್ಕೆ ಕಾರಣ. ಜಟಾಯು ಬಿದ್ದ ಸ್ಥಳವೆಂದು ನಂಬಿ ಬೆಟ್ಟ ಹತ್ತಿ ಬಂದ ಹೆಂಗಸರು ರಾಮೇಶ್ವರನಿಗೆ ಕೈಮುಗಿದು, ಮೌರ್ಯ ಚಕ್ರವರ್ತಿಯ ಆಜ್ಞೆಯ ಪಕ್ಕದಲ್ಲಿ ಕುಳಿತು ಕೈತುಂಬ ಬಳೆ ಇಡಿಸಿಕೊಂಡು ಇಳಿಯುತ್ತಿದ್ದರು. ಶಾಸನತಜ್ಞರ ಬರಹಗಳಲ್ಲಿ ಈ ಸಂಗತಿ ಒಂದು ಸಣ್ಣ ಟಿಪ್ಪಣಿಯಾಗಿ ಮಾತ್ರ ಉಳಿದಿದೆ, ಅದೂ ಅಕ್ಷರಗಳು ಏಕೆ ಕೆಟ್ಟವು ಎಂಬುದಕ್ಕೆ ವಿವರಣೆಯಾಗಿ. ನನ್ನ ಮಟ್ಟಿಗೆ ಆ ಟಿಪ್ಪಣಿ ಶಾಸನದಷ್ಟೇ ಮುಖ್ಯ. ವಿದ್ವಾಂಸರು ಓದಿದ ಪಠ್ಯ, ಜಾತ್ರೆಯ ಗದ್ದಲ, ಹೆಂಗಸರ ದಿನನಿತ್ಯದ ಬದುಕು ಈ ಮೂರೂ ಒಂದೇ ಕಲ್ಲಿನ ಮೇಲೆ ಸೇರಿದ್ದವು, ಮತ್ತು ಇವುಗಳಲ್ಲಿ ಒಂದನ್ನು ಮಾತ್ರ ಧರ್ಮವೆಂದು ಕರೆದು ಉಳಿದೆರಡನ್ನು ಅದರ ಹಾಳುಬಿದ್ದ ರೂಪವೆಂದು ತಿಳಿಯುವುದು ತಪ್ಪು ಎಂಬುದೇ ಇಂದು ನಾನು ತಮ್ಮ ಮುಂದೆ ಇಡಬಯಸುವ ವಾದ.

ಶಾಸನದ ಒಳಗೆ ಏನಿದೆ ಎಂಬುದನ್ನೂ ನೋಡೋಣ. ಇವುಗಳಲ್ಲಿ ಚೆನ್ನಾಗಿ ಉಳಿದಿರುವ ಬ್ರಹ್ಮಗಿರಿಯ ಪಾಠವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಬಂದ ಆದೇಶವಾಗಿ, ಅವರ ಆರೋಗ್ಯವನ್ನು ವಿಚಾರಿಸುತ್ತ ಆರಂಭವಾಗುತ್ತದೆ. ಅಶೋಕನು ತಾನು ಬುದ್ಧನ ಉಪಾಸಕನಾದ ಬಗೆಯನ್ನೂ, ದೊಡ್ಡವರು ಮಾತ್ರವಲ್ಲದೆ ಸಣ್ಣವರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಹುದೆಂಬುದನ್ನೂ ಮೊದಲ ಭಾಗದಲ್ಲಿ ಹೇಳುತ್ತಾನೆ. ಎರಡನೆಯ ಭಾಗದಲ್ಲಿ ಬರುವ ಮಾತುಗಳು ಇನ್ನೂ ಸರಳವಾಗಿವೆ: ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳ ಬಗೆಗೆ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ನೆಂಟರಲ್ಲಿ ತಕ್ಕಂತೆ ನಡೆದುಕೊಳ್ಳಬೇಕು. ಇದಕ್ಕೆಲ್ಲ ಆಧಾರವಾಗಿ ಶಾಸನವು ಯಾವ ಗ್ರಂಥವನ್ನೂ ಹೆಸರಿಸುವುದಿಲ್ಲ. ಇದು ಹಿಂದಿನಿಂದ ನಡೆದುಬಂದ ನಡೆ ಎಂದಷ್ಟೇ ಹೇಳುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಕ್ರವರ್ತಿಯೊಬ್ಬ ತನ್ನ ಧರ್ಮವನ್ನು ಈ ಗಡಿನಾಡಿಗೆ ತಲುಪಿಸುವಾಗ ಮನೆಮಂದಿಯ ನಡವಳಿಕೆಯನ್ನೇ ಪ್ರಮಾಣವಾಗಿ ಹಿಡಿದನೆಂಬುದು ನಾವು ನಿಂತು ಯೋಚಿಸಬೇಕಾದ ವಿಷಯ. ಕೊನೆಯಲ್ಲಿ ಇದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನೂ ಸೇರಿಸಿದ್ದಾನೆ, ಮತ್ತು ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿಯೊಂದು ಮೊಳಕಾಲ್ಮುರಿನ ಕಲ್ಲಿನ ಮೇಲೆ ಬಂದು ಕೂತಿರುವುದನ್ನು ನೋಡಿದರೆ, ನಮ್ಮ ಸೀಮೆಯ ಧರ್ಮ ಎಂದೂ ಹೊರಗಿನ ಗಾಳಿ ಸೋಕದ ಧರ್ಮವಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ಧರ್ಮದ ಬಗೆಗೆ ಓದಿದವರಲ್ಲಿ ಒಂದು ಕ್ರಮ ರೂಢಿಯಾಗಿದೆ. ಮೊದಲು ಶಾಸ್ತ್ರ, ಆಮೇಲೆ ಅದನ್ನು ಜನರಿಗೆ ತಿಳಿಯುವಂತೆ ಹೇಳುವ ಪುರಾಣ, ನಾಟಕ, ಸಿನಿಮಾ, ಎಲ್ಲಕ್ಕಿಂತ ಕೆಳಗೆ ಅರ್ಥ ಮರೆತುಹೋದ ಮನೆಯ ಆಚರಣೆ ಎಂದು ಅವರು ಮೇಲಿನಿಂದ ಕೆಳಕ್ಕೆ ಒಂದು ಏಣಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಹಾಗೆ ಕಲ್ಪಿಸಿಕೊಂಡವರಿಗೆ ಹೋಳಿಗೆಮ್ಮನ ಹಬ್ಬ ಅರ್ಥವಾಗುವುದು ಸಾಧ್ಯವಿಲ್ಲ. ಆಷಾಢದಲ್ಲಿ ನಮ್ಮ ದುರ್ಗದ ಬೀದಿಗಳಲ್ಲಿ ಮನೆಮನೆಯ ಹೆಂಗಸರು ಮೊರದಲ್ಲಿ ಹೋಳಿಗೆ, ಬೇವಿನ ಸೊಪ್ಪು, ಅರಿಸಿನ ಕುಂಕುಮಗಳನ್ನು ಇಟ್ಟು, ರೋಗರುಜಿನ ಊರೊಳಗೆ ಬಾರದಿರಲೆಂದು ಬೇಡಿಕೊಂಡು, ಅಮ್ಮನನ್ನು ಊರ ಗಡಿಯವರೆಗೆ ಕಳಿಸಿಕೊಡುತ್ತಾರೆ. ಮಳೆಗಾಲದ ಆರಂಭದಲ್ಲಿ, ಹಿಂದೆ ಕಾಲರಾ ಮತ್ತು ಸಿಡುಬು ಹಳ್ಳಿಗಳನ್ನು ಖಾಲಿ ಮಾಡುತ್ತಿದ್ದ ಕಾಲದ ನೆನಪು ಇದರಲ್ಲಿದೆ. ಈ ಹಬ್ಬಕ್ಕೆ ಪುರೋಹಿತರು ಬೇಕಿಲ್ಲ, ಮಂತ್ರವಿಲ್ಲ, ಓದಬೇಕಾದ ಪುಸ್ತಕವೂ ಇಲ್ಲ. ಆದರೆ ಇದರಲ್ಲಿ ನಿಯಮವಿಲ್ಲವೆಂದು ಯಾರೂ ಹೇಳಲಾರರು. ಯಾವ ವಾರ ಮಾಡಬೇಕು, ಮೊರವನ್ನು ಎಲ್ಲಿಯವರೆಗೆ ಒಯ್ಯಬೇಕು, ಹಿಂತಿರುಗುವಾಗ ಏನು ಮಾಡಬಾರದು ಎಂಬುದನ್ನು ಅತ್ತೆಯರು ಸೊಸೆಯರಿಗೆ ಹೇಳಿಕೊಡುತ್ತಾರೆ. ಅಮ್ಮನನ್ನು ಓಡಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ರೋಗ ತರುವವಳಿಗೂ ಸಿಹಿ ಉಣಿಸಿ, ಮಡಿಲು ತುಂಬಿ, ಮನೆಗೆ ಬಂದ ಮಗಳನ್ನು ಕಳಿಸುವಂತೆ ಕಳಿಸುತ್ತಾರೆ. ಭಯವನ್ನು ಬಾಂಧವ್ಯವಾಗಿ ತಿರುಗಿಸುವ ಈ ಬಗೆಯು ಯಾವ ಗ್ರಂಥದ ಅಳಿದುಳಿದ ತುಣುಕೂ ಅಲ್ಲ. ಇದು ತಾನೇ ಒಂದು ಪೂರ್ಣವಾದ ವಿಚಾರ.

ಬಾಂಧವ್ಯದ ಈ ಮಾತನ್ನು ಇನ್ನೊಂದು ಉದಾಹರಣೆಯಿಂದ ಬೆಳೆಸುತ್ತೇನೆ. ಇದೇ ಊರಿನಲ್ಲಿ ತಿಪ್ಪಿನಘಟ್ಟಮ್ಮನೂ ಬರಗೇರಮ್ಮನೂ ಅಕ್ಕತಂಗಿಯರು, ಅವರ ನಡುವೆ ಹಳೆಯ ಮುನಿಸಿದೆ, ಆದರೂ ವರ್ಷಕ್ಕೊಮ್ಮೆ ಪೇಟೆಯ ಬೀದಿಯಲ್ಲಿ ಇಬ್ಬರೂ ಭೇಟಿಯಾಗುತ್ತಾರೆ. ಆ ಭೇಟಿಯನ್ನು ನೋಡಲು ಜನ ಮಾಳಿಗೆಗಳ ಮೇಲೆ ತುಂಬಿರುತ್ತಾರೆ. ದೇವತಾಶಾಸ್ತ್ರ ಬಲ್ಲವರು ಇಬ್ಬರೂ ಒಂದೇ ಶಕ್ತಿಯ ರೂಪಗಳೆಂದು ವಿವರಿಸುತ್ತಾರೆ, ಆ ವಿವರಣೆ ತಪ್ಪಲ್ಲ. ಆದರೆ ಬೀದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಹೆಂಗಸಿಗೆ, ತವರಿನ ಆಸ್ತಿಯ ಕಾರಣಕ್ಕೋ ಮದುವೆಯಲ್ಲಿ ಆದ ಒಂದು ಮಾತಿನ ಕಾರಣಕ್ಕೋ ತನ್ನೊಡನೆ ಮಾತು ಬಿಟ್ಟಿರುವ ಒಡಹುಟ್ಟಿದವಳ ನೆನಪು ಆ ಹೊತ್ತಿನಲ್ಲಿ ಬಾರದೆ ಇರುವುದಿಲ್ಲ. ಇಬ್ಬರು ದೇವಿಯರನ್ನು ಒಂದಾಗಿಸಿ ತತ್ತ್ವ ಹೇಳಿದ ಕೂಡಲೇ ಈ ಹಬ್ಬದ ಜೀವಾಳವೇ ಕೈಬಿಟ್ಟುಹೋಗುತ್ತದೆ, ಏಕೆಂದರೆ ಭೇಟಿಯಾಗಬೇಕಾದರೆ ಇಬ್ಬರಿರಬೇಕು.

ಹಾಗಾದರೆ ವಿದ್ವತ್ತಿನ ಕೆಲಸವೇನು? ವಿದ್ವತ್ತಿನ ಬಗೆಗೆ ನನಗೆ ಅಪಾರ ಗೌರವವಿದೆ, ಮತ್ತು ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ ಅವರು 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ, ಧರ್ಮವನ್ನು ತಿಳಿಯಲು ಗ್ರಂಥಗಳ ಜೊತೆಗೆ ಮನೆ, ಮದುವೆ, ಸೂತಕ, ಊಟಗಳನ್ನೂ ಗಮನಿಸಬೇಕೆಂಬುದು ನಮ್ಮ ದೇಶದ ಸಮಾಜವಿಜ್ಞಾನದಲ್ಲಿ ಗಟ್ಟಿಯಾಗಿ ನೆಲೆಯೂರಿತು. ಅವರು ಹೇಳಿದ ಸಂಸ್ಕೃತೀಕರಣವನ್ನು, ಅಂದರೆ ಕೆಳಗಿನವರೆನಿಸಿಕೊಂಡವರು ಮೇಲಿನವರ ಆಚಾರಗಳನ್ನು ತಮ್ಮದಾಗಿಸಿಕೊಳ್ಳುವುದನ್ನು, ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಈಗಲೂ ಕಾಣಬಹುದು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ದುಗ್ಗಮ್ಮ ಆಮಂತ್ರಣ ಪತ್ರಿಕೆಯಲ್ಲಿ ದುರ್ಗಾಂಬಿಕೆಯಾಗುತ್ತಾಳೆ, ಅಭಿಷೇಕ ಅಲಂಕಾರಗಳು ಹೆಚ್ಚುತ್ತವೆ, 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಪ್ರಕಾರ ಬಲಿ ನಡೆಯದಂತೆ ಅಧಿಕಾರಿಗಳು ಕಾವಲು ನಿಲ್ಲುತ್ತಾರೆ, ಅದೇ ಹೊತ್ತಿಗೆ ಊರಿನ ತುಂಬ ಮನೆಗಳಿಗೆ ಬಂದ ನೆಂಟರಿಗೆ ಬಾಡೂಟ ತಯಾರಾಗುತ್ತದೆ. ಸಂಸ್ಕೃತೀಕರಣ ಒಂದೇ ದಿಕ್ಕಿಗೆ ಹರಿಯುವುದೆಂದು ತಿಳಿದವರಿಗೆ ಈ ದೃಶ್ಯ ಗೊಂದಲವಾಗಿ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಇಲ್ಲಿ ಗೊಂದಲವಿಲ್ಲ. ಗುಡಿಯಲ್ಲಿ ಏನು, ಮನೆಯಲ್ಲಿ ಏನು, ಸರಕಾರದ ಎದುರು ಏನು ಎಂಬುದನ್ನು ಜನ ತಿಳಿದೇ ಬೇರೆಬೇರೆಯಾಗಿ ಇಟ್ಟುಕೊಂಡಿದ್ದಾರೆ.

ನಮ್ಮ ಸೀಮೆಯ ಬಗೆಗೆ ಕನ್ನಡದಲ್ಲಿಯೇ ಬಂದಿರುವ ಕೆಲಸವನ್ನು ನೆನೆಯಬೇಕು. ದನಗಾಹಿ ಬೇಡರಾದ ಮ್ಯಾಸಬೇಡರ (ಇವರನ್ನೇ ಮ್ಯಾಸನಾಯಕರೆಂದೂ ಕರೆಯುತ್ತಾರೆ) ವೀರರಾದ ಗಾದ್ರಿ ಪಾಲನಾಯಕ ಮತ್ತು ಜಗಳೂರು ಪಾಪನಾಯಕ, ಕಾಡುಗೊಲ್ಲರ ಜುಂಜಪ್ಪ ಮತ್ತು ಎತ್ತಪ್ಪ, ಇವರ ಕಥನಗಳನ್ನು ಕೃಷ್ಣಮೂರ್ತಿ ಹನೂರು, ಮೀರಾಸಾಬಿಹಳ್ಳಿ ಶಿವಣ್ಣ, ಎಸ್.ಎಂ. ಮುತ್ತಯ್ಯ ಮೊದಲಾದವರು ಹಟ್ಟಿಹಟ್ಟಿ ತಿರುಗಿ ಸಂಗ್ರಹಿಸದೆ ಇದ್ದಿದ್ದರೆ, ಚಿತ್ರದುರ್ಗದ ಇತಿಹಾಸವೆಂದರೆ ಕೋಟೆ ಮತ್ತು ಪಾಳೆಯಗಾರರ ಇತಿಹಾಸವಷ್ಟೇ ಆಗಿ ಉಳಿಯುತ್ತಿತ್ತು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯವರು ಓದು ಬರಹ ಬಾರದವರಾಗಿದ್ದೂ ಸಾವಿರಾರು ಪದಗಳನ್ನು, ಅಂದರೆ ಹಾಡುಗಳನ್ನು, ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಈ ವೀರರು ನಮ್ಮ ಶಾಲೆಯ ಪುಸ್ತಕಗಳ ದೇವರುಗಳಂತಲ್ಲ. ಅವರು ದನ ಕಾದವರು, ಮೇವು ಹುಡುಕಿ ಅಲೆದವರು, ಹಲವರು ಅನ್ಯಾಯದ ಸಾವು ಕಂಡವರು. ಅವರನ್ನು ಪೂಜಿಸುವುದೆಂದರೆ ಅವರು ಕಾದ ದನವನ್ನು ಇಂದಿಗೂ ಕಾಯುವುದು. ಆದ್ದರಿಂದಲೇ ಚಳ್ಳಕೆರೆ ಮೊಳಕಾಲ್ಮುರಿನ ಕಡೆ ಮ್ಯಾಸನಾಯಕರ ದೇವರ ಎತ್ತುಗಳ ಹಿಂಡುಗಳಿವೆ. ಅವುಗಳನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಿಲಾರಿಯೊಬ್ಬ ತನ್ನ ಬದುಕನ್ನೆಲ್ಲ ಅವುಗಳ ಹಿಂದೆ ಕಳೆಯುತ್ತಾನೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಬರ ಬಿದ್ದ ವರ್ಷ ಈ ಹಿಂಡುಗಳಿಗೆ ಮೇವು ಹೊಂದಿಸುವುದೇ ಆ ವರ್ಷದ ದೊಡ್ಡ ಪೂಜೆ. ದನ ಮೇಯುವ ಹುಲ್ಲುಗಾವಲುಗಳಾದ ಕಾವಲುಗಳು ಬೇರೆಬೇರೆ ಯೋಜನೆಗಳಿಗೆ ಹೋಗಿ ಮೇಯುವ ನೆಲ ಕಡಿಮೆಯಾದಾಗ, ಅದು ಪಶುಸಂಗೋಪನೆಯ ಸಮಸ್ಯೆಯಷ್ಟೇ ಆಗದೆ ಒಂದು ಸಮುದಾಯದ ಧರ್ಮದ ಸಮಸ್ಯೆಯೂ ಆಗುತ್ತದೆ. ಆದರೆ ಕಾವಲಿನ ಭೂಮಿಯ ಕಡತದಲ್ಲಿ ಧರ್ಮ ಎಂಬ ಕಾಲಂ ಇರುವುದಿಲ್ಲ, ಆದ್ದರಿಂದ ಆ ನಷ್ಟ ಎಲ್ಲಿಯೂ ದಾಖಲಾಗುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಜನಪ್ರಿಯ ಸಂಸ್ಕೃತಿಯ ಕಡೆಗೆ ಬರೋಣ. ದಾವಣಗೆರೆಯು ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರಿಂದ ನಾಡಿಗೆಲ್ಲ ಹೆಸರಾದ ಕೆ.ಬಿ.ಆರ್. ಡ್ರಾಮಾ ಕಂಪನಿ ಅಲ್ಲಿಯದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೊಂದು 1997ರಿಂದ ಶಿವಸಂಚಾರವೆಂಬ ರೆಪರ್ಟರಿಯನ್ನು, ಅಂದರೆ ತಿರುಗಾಟದ ನಾಟಕ ತಂಡವನ್ನು, ನಡೆಸುತ್ತ, ಶರಣರ ವಿಚಾರಗಳನ್ನೂ ಆಧುನಿಕ ನಾಟಕಗಳನ್ನೂ ಊರೂರಿಗೆ ಒಯ್ಯುತ್ತಿದೆ. ಪ್ರವಚನಕ್ಕೆ ಬಾರದ ಯುವಕರು ನಾಟಕಕ್ಕೆ ಬರುತ್ತಾರೆ ಎಂಬ ಲೆಕ್ಕಾಚಾರ ಇದರ ಹಿಂದೆ ಇದೆಯೆಂದು ಕೆಲವರು ತಿಳಿಯಬಹುದು. ನನಗೆ ತೋರುವುದು ಬೇರೆ. ರಂಗದ ಮೇಲೆ ಬಂದ ಶರಣನಿಗೆ ಎದುರುವಾದಿ ಬೇಕು, ಎದುರುವಾದಿಗೂ ಒಳ್ಳೆಯ ಮಾತುಗಳನ್ನು ಬರೆಯಬೇಕು. ಹಾಗಾಗಿ ನಾಟಕವು ಪ್ರವಚನ ಕೊಡಲಾಗದ ಒಂದು ಸಂದೇಹದ ಅವಕಾಶವನ್ನು ಧರ್ಮಕ್ಕೆ ಕೊಡುತ್ತದೆ.

ಇಲ್ಲಿ ಬೇಡರ ಕಣ್ಣಪ್ಪನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ನಮ್ಮ ಸೀಮೆಯ ನಾಯಕ ಸಮುದಾಯಗಳಿಗೆ ಬಹಳ ಹತ್ತಿರದ ಕಥೆ. ಕಾಳಹಸ್ತಿಯ ಶಿವನಿಗೆ ತಾನು ರುಚಿ ನೋಡಿದ ಮಾಂಸವನ್ನು ಎಡೆಯಿಟ್ಟು, ಬಾಯಲ್ಲಿ ತಂದ ನೀರಿನಿಂದ ಮೀಯಿಸಿ, ಕೊನೆಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಬೇಡನ ಕಥೆಯನ್ನು ತಮಿಳಿನಲ್ಲಿ ಸೇಕ್ಕಿಳಾರ್, ಕನ್ನಡದಲ್ಲಿ ಹಂಪೆಯ ಹರಿಹರ ಹೇಳಿದರು. ಮಡಿಯ ಪೂಜೆ ಮಾಡುವ ಅರ್ಚಕನ ಎದುರು ಮಾಂಸದ ಎಡೆಯನ್ನು ಶಿವನು ಒಪ್ಪಿಕೊಂಡನೆಂಬುದೇ ಈ ಕಥೆಯ ಬೆಂಕಿ. ಗುಬ್ಬಿ ಕಂಪನಿಯ ರಂಗದಿಂದ ಈ ಕಥೆ ತೆರೆಗೆ ಬಂದು, 1954ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದರು. ಚಿತ್ರದಲ್ಲಿ ಕಣ್ಣಪ್ಪ ಮತ್ತು ಅವನ ಹೆಂಡತಿ ಶಾಪದಿಂದ ಭೂಮಿಗೆ ಬಂದ ದೇವಲೋಕದವರು. ಬೇಡನೊಬ್ಬ ಬೇಡನಾಗಿಯೇ ಇದ್ದು ಶಿವನಿಗೆ ಅಷ್ಟು ಪ್ರಿಯನಾಗಬಲ್ಲ ಎಂಬುದನ್ನು ಒಪ್ಪಲು ಕಷ್ಟವಾದಾಗ ಹಿಂದಿನ ಜನ್ಮದ ಕಥೆಯೊಂದು ಬಂದು ಸೇರಿಕೊಳ್ಳುತ್ತದೆ ಎಂದು ನಾನು ಇದನ್ನು ಓದುತ್ತೇನೆ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಚಿತ್ರವನ್ನು ಟೆಂಟಿನಲ್ಲಿ ನೋಡಿದ ಹಳ್ಳಿಯ ಬೇಡರಿಗೆ ದೇವಲೋಕದ ಶಾಪ ಮುಖ್ಯವಾಗಲಿಲ್ಲ. ತಮ್ಮವನೊಬ್ಬನ ಕಣ್ಣನ್ನು ಶಿವ ಸ್ವೀಕರಿಸಿದ್ದು ಮುಖ್ಯವಾಯಿತು. ಗ್ರಂಥದಲ್ಲಿದ್ದ ಧೈರ್ಯವನ್ನು ಸಿನಿಮಾ ಸ್ವಲ್ಪ ತಗ್ಗಿಸಿತು, ನೋಡುಗರು ಅದನ್ನು ಮತ್ತೆ ಎತ್ತಿದರು. ಗ್ರಂಥದಿಂದ ಸಿನಿಮಾಕ್ಕೆ, ಸಿನಿಮಾದಿಂದ ಮನೆಗೆ ಅರ್ಥ ಇಳಿಯುತ್ತ ಬಡವಾಗುತ್ತದೆಂಬ ಏಣಿಯ ಕಲ್ಪನೆ ಈ ಕಾರಣಕ್ಕೇ ನಿಲ್ಲುವುದಿಲ್ಲ.

ಜನಪ್ರಿಯ ಮಾಧ್ಯಮ ಮಾಡುವ ಕೇಡನ್ನೂ ಮರೆಯುವಂತಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನ ಗುಡಿ ಕಟ್ಟುತ್ತಾರೆ, ಬರಿಗಾಲಿನ ಯುವಕರು ಆ ಮುಳ್ಳನ್ನು ಏರಿ ಕಳಸವನ್ನು ಇಳಿಸುತ್ತಾರೆ. ಟಿವಿ ಮತ್ತು ಮೊಬೈಲುಗಳಲ್ಲಿ ನಾವು ನೋಡುವುದು ಆ ಕೆಲವು ಕ್ಷಣಗಳನ್ನು ಮಾತ್ರ. ಮುಳ್ಳು ತರುವವರು ಯಾರು, ಗುಡಿ ಕಟ್ಟುವ ಹಕ್ಕು ಯಾವ ಅಣ್ಣತಮ್ಮಂದಿರದು, ಯಾವ ಹಟ್ಟಿಯ ದೇವರು ಯಾವ ಹಟ್ಟಿಯ ದೇವರಿಗೆ ಏನಾಗಬೇಕು ಎಂಬ ಇಡೀ ಬಾಂಧವ್ಯದ ಜಾಲವು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಾಣದಿದ್ದುದು ನಿಧಾನವಾಗಿ ಬೇಡವಾಗುತ್ತದೆ ಎಂಬ ಆತಂಕ ನನಗಿದೆ. ಗಣಪತಿ ಮೆರವಣಿಗೆಗಳಲ್ಲಿ ಡಿಜೆ ಬಂದ ಮೇಲೆ ಡೊಳ್ಳು, ಉರುಮೆ, ನಂದಿಕೋಲಿನವರಿಗೆ ಜಾಗ ಎಷ್ಟು ಕಿರಿದಾಯಿತೆಂಬುದನ್ನು ತಾವೆಲ್ಲ ಬಲ್ಲಿರಿ. ವಾದ್ಯ ನುಡಿಸುವವರು ಹಬ್ಬದ ಪಾಲುದಾರರಾಗಿದ್ದರು. ಬಾಡಿಗೆಗೆ ತಂದ ಪೆಟ್ಟಿಗೆಗೆ ಹಬ್ಬದಲ್ಲಿ ಪಾಲು ಎಂಬುದಿಲ್ಲ.

ಹರಿಹರದ ದೇವಾಲಯವನ್ನು 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅರ್ಧ ಹರಿ ಅರ್ಧ ಹರನಾದ ಅಲ್ಲಿನ ಮೂರ್ತಿಯ ಬಗೆಗೆ ವಿದ್ವಾಂಸರು ಶೈವ ವೈಷ್ಣವ ಸಾಮರಸ್ಯವೆಂದು ಬರೆಯುತ್ತಾರೆ. ಅದು ಅರಮನೆಯ ಹತ್ತಿರದವರು ಕಲ್ಲಿನಲ್ಲಿ ಮಾಡಿದ ಕೆಲಸ. ಅಂಥದೇ ಕೆಲಸವನ್ನು ನಮ್ಮ ಹಳ್ಳಿಗಳು ಕಲ್ಲಿಲ್ಲದೆ, ಶಾಸನವಿಲ್ಲದೆ ಬಾಬಯ್ಯನ ಹಬ್ಬದಲ್ಲಿ ಮಾಡಿಕೊಂಡು ಬಂದಿವೆ. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲಿಯೂ ಮೊಹರಮ್ಮಿಗೆ ಪಂಜಾ, ಅಂದರೆ ಹಸ್ತದ ಆಕಾರದ ಲಾಂಛನ, ಕೂರಿಸುವುದು, ಅಲಾಯಿ ಕುಣಿಯೆಂಬ ಗುಂಡಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುವುದು, ಮಗು ಹುಟ್ಟಿದ ಹರಕೆಗೆ ಸಕ್ಕರೆ ಹಂಚುವುದು ಮಧ್ಯ ಕರ್ನಾಟಕದಲ್ಲಿ ಸಾಮಾನ್ಯವಾಗಿದ್ದ ನಡೆ. ರಹಮತ್ ತರೀಕೆರೆ ಅವರು ಕರ್ನಾಟಕದ ಮೊಹರಮ್ ಮತ್ತು ಸೂಫಿಗಳ ಬಗೆಗೆ ವರ್ಷಗಟ್ಟಲೆ ತಿರುಗಿ ಮಾಡಿದ ಅಧ್ಯಯನಗಳು ಈ ನಡೆಯ ಹರವನ್ನು ನಮಗೆ ತೋರಿಸಿಕೊಟ್ಟಿವೆ. ಈಗ ಎರಡೂ ಕಡೆಯಿಂದ ಇದು ನಮ್ಮ ಶಾಸ್ತ್ರದಲ್ಲಿಲ್ಲ, ಇದನ್ನು ಬಿಡಿ ಎಂಬ ಮಾತು ಕೇಳಿಬರುತ್ತಿದೆ. ಶಾಸ್ತ್ರದಲ್ಲಿಲ್ಲವೆಂಬುದು ನಿಜವೇ ಇರಬಹುದು. ಮಗುವಿನ ಜ್ವರ ಬಿಡಲೆಂದು ಬೇಡಿಕೊಂಡ ತಾಯಿ ಶಾಸ್ತ್ರವನ್ನು ಕೇಳಿ ಬೇಡಿಕೊಂಡಿರಲಿಲ್ಲ. ತನ್ನ ಅಜ್ಜಿ ಯಾರನ್ನು ಬೇಡಿಕೊಂಡಿದ್ದಳೋ ಅವರನ್ನೇ ಬೇಡಿಕೊಂಡಳು. ಅವಳ ಹರಕೆಯನ್ನು ತಪ್ಪೆಂದು ತೀರ್ಮಾನಿಸುವ ಅಧಿಕಾರ ಪುಸ್ತಕ ಓದಿದವರಿಗೆ ಯಾರು ಕೊಟ್ಟರೆಂದು ನಾವು ಕೇಳಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ದಿನನಿತ್ಯದ ಆಚರಣೆಯೆಲ್ಲ ಪವಿತ್ರವೆಂದೂ ಪ್ರಶ್ನಾತೀತವೆಂದೂ ನಾನು ಹೇಳುತ್ತಿದ್ದೇನೆಂದು ತಿಳಿಯಬಾರದು. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿಯನ್ನು ತೆಗೆದುಕೊಳ್ಳಿ. ಹಟ್ಟಿಯೊಳಗೆ ಇರುವ ದೇವರ ಮಡಿಗೆ ಕೇಡಾಗುತ್ತದೆಂಬ ನಂಬಿಕೆ ಅದರ ಹಿಂದಿದೆ, ಮತ್ತು ಆ ದೇವರ ಕಥನವನ್ನು ನಾವೆಲ್ಲ ಕಾವ್ಯವೆಂದು ಮೆಚ್ಚುತ್ತೇವೆ. ಕಾಡುಗೊಲ್ಲರ ಕೊಳಲಾದ ಗಣೆಯ ನಾದವನ್ನು ಕೇಳಿ ತಲೆದೂಗಿದ ವಿದ್ವಾಂಸ, ಅದೇ ರಾತ್ರಿ ಊರ ಹೊರಗಿನ ಗುಡಿಸಲಿನಲ್ಲಿ ಕೂಸನ್ನು ಅಪ್ಪಿಕೊಂಡು ಮಳೆಗೆ ನೆನೆಯುವ ಬಾಣಂತಿಯನ್ನು ತನ್ನ ಗ್ರಂಥದಲ್ಲಿ ಎಲ್ಲಿ ಇಡಬೇಕು? ಸರಕಾರವು ಹಟ್ಟಿಗಳ ಬಳಿ ಕೃಷ್ಣಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿತು. ಚಳಿ ಮಳೆಯಿಂದ ರಕ್ಷಣೆ ಸಿಗಲೆಂಬುದು ಅದರ ಉದ್ದೇಶವಾಗಿತ್ತು, ಆದರೆ ಹೊರಗಿಡುವ ಪದ್ಧತಿಗೆ ಅದು ಸಿಮೆಂಟಿನ ಗೋಡೆಯನ್ನೇ ಕಟ್ಟಿಕೊಟ್ಟಂತಾಯಿತೆಂಬ ಟೀಕೆಯೂ ಬಂತು. ಆ ಟೀಕೆಯನ್ನು ನಾನು ಒಪ್ಪುತ್ತೇನೆ. ಹಟ್ಟಿಯ ಹೆಣ್ಣುಮಕ್ಕಳೇ ಓದಿ ಶಿಕ್ಷಕಿಯರಾಗಿ, ಆಶಾ ಕಾರ್ಯಕರ್ತೆಯರಾಗಿ ಈ ಪದ್ಧತಿಯನ್ನು ಪ್ರಶ್ನಿಸುವಾಗ ದೇವರನ್ನು ಬಿಡಿ ಎಂದು ಹೇಳುವುದಿಲ್ಲ. ದನ ಕಾದ ಜುಂಜಪ್ಪ, ಕರು ಹಾಕಿದ ಹಸುವನ್ನು ಹೊರಗೆ ನಿಲ್ಲಿಸಲಿಲ್ಲ, ಹೆತ್ತ ಹೆಣ್ಣನ್ನು ನಾವು ಏಕೆ ನಿಲ್ಲಿಸಬೇಕು ಎಂಬ ಬಗೆಯ ವಾದವನ್ನು ಆ ಕಥನದ ಒಳಗಿನಿಂದಲೇ ಎತ್ತಬಹುದು. ಸುಧಾರಣೆಯ ಮಾತು ಹೊರಗಿನ ಗ್ರಂಥದಿಂದಲೇ ಬರಬೇಕೆಂದಿಲ್ಲ.

ವಿದ್ವತ್ತು ಜನರ ಬದುಕಿಗೆ ಹಿಂತಿರುಗಿ ಹೋಗಿ ಏನು ಮಾಡುತ್ತದೆ ಎಂಬುದನ್ನು ಕೊನೆಯ ವಿಷಯವಾಗಿ ಎತ್ತುತ್ತೇನೆ. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಕಾಡುಗೊಲ್ಲರು ಅದೇ ಮಾನ್ಯತೆಗಾಗಿ ಬಹುಕಾಲದಿಂದ ಕೇಳುತ್ತಿದ್ದಾರೆ, ಮತ್ತು ಆ ಬೇಡಿಕೆಗೆ ಆಧಾರವಾಗಿ ಕುಲಶಾಸ್ತ್ರೀಯ ಅಧ್ಯಯನಗಳು ನಡೆದಿವೆ. ಅಂದರೆ ಒಂದು ಕಾಲಕ್ಕೆ ಜಾನಪದವೆಂದು ಸಂಗ್ರಹಿಸಿದ ಹಾಡು, ಹಬ್ಬ, ಬೆಡಗುಗಳ (ಕುಲದ ಒಳಪಂಗಡಗಳ) ವಿವರ ಇಂದು ಹಕ್ಕಿನ ಅರ್ಜಿಯಲ್ಲಿ ದಾಖಲೆಯಾಗಿದೆ. ತಮ್ಮ ಆಚರಣೆ ಬೇರೆ, ತಮ್ಮ ದೇವರು ಬೇರೆ ಎಂದು ತೋರಿಸಿಕೊಡಬೇಕಾದ ಒತ್ತಾಯ ಒಂದು ಕಡೆ, ಎಲ್ಲರಂತೆ ಆಗಬೇಕೆಂಬ ಹೊಸ ತಲೆಮಾರಿನ ಆಸೆ ಇನ್ನೊಂದು ಕಡೆ, ಇವೆರಡರ ನಡುವೆ ಹಟ್ಟಿಯ ಧರ್ಮ ಇಂದು ರೂಪ ಪಡೆಯುತ್ತಿದೆ. ಒಬ್ಬ ಸಂಶೋಧಕ ಹಲವು ಪಾಠಗಳಲ್ಲಿ ಒಂದನ್ನು ಅಚ್ಚು ಹಾಕಿಸಿದರೆ ಹತ್ತು ವರ್ಷಗಳಲ್ಲಿ ಅದೇ ಸರಿಯಾದ ಪಾಠವಾಗಿ, ಉಳಿದವು ತಪ್ಪಾಗಿಬಿಡುವ ಅಪಾಯವಿದೆ. ಹಾಡುವವರೇ ಪುಸ್ತಕ ನೋಡಿಕೊಂಡು ತಮ್ಮ ಪದವನ್ನು ತಿದ್ದಿಕೊಳ್ಳುವ ದಿನ ಬಂದರೆ ಅದರ ಹೊಣೆ ಅಚ್ಚು ಹಾಕಿಸಿದವರದು.

ಆದ್ದರಿಂದ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ನಾಯಕನಹಟ್ಟಿಗೆ ಫಾಲ್ಗುಣದಲ್ಲಿ ಹೋಗುವಾಗ ತೇರನ್ನು ಮಾತ್ರ ಚಿತ್ರಿಸಿಕೊಳ್ಳಬೇಡಿ. ಮಾಡಿದಷ್ಟು ನೀಡು ಭಿಕ್ಷೆ ಎಂದ ತಿಪ್ಪೇರುದ್ರಸ್ವಾಮಿ ಈ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದ ಅವಧೂತ. ಆ ಕೆರೆಗಳಲ್ಲಿ ಈಗ ನೀರು ಎಷ್ಟಿದೆ, ತೂಬು ಯಾರು ನೋಡಿಕೊಳ್ಳುತ್ತಾರೆ, ಅಚ್ಚುಕಟ್ಟಿನ ರೈತರು ಸ್ವಾಮಿಯ ಹೆಸರಿನಲ್ಲಿ ಏನನ್ನು ಮೀಸಲಿಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ನಿಮ್ಮ ಮನೆಯಲ್ಲಿ ಹಬ್ಬದ ಎಡೆಯನ್ನು ಇಡುವವರು ಯಾರು, ಯಾವ ತಿನಿಸು ಯಾರ ಹೆಸರಿಗೆ, ಯಾವ ವರ್ಷದಿಂದ ಏನು ಬಿಟ್ಟುಹೋಯಿತು ಎಂದು ಮೊದಲು ಅಮ್ಮನನ್ನು, ಅಜ್ಜಿಯನ್ನು, ಸೋದರತ್ತೆಯನ್ನು ಕೇಳಿ. ಗಂಡಸರನ್ನು ಆಮೇಲೆ ಕೇಳಿದರೂ ನಡೆಯುತ್ತದೆ. ಹಾಡಿದವರ ಒಪ್ಪಿಗೆ ಪಡೆಯದೆ ಯಾವುದನ್ನೂ ಫೋನಿನಲ್ಲಿ ಹರಿಯಬಿಡಬೇಡಿ. ಧ್ವನಿಮುದ್ರಣ ಮಾಡಿಕೊಂಡರೆ ಹಾಡಿದವರ ಹೆಸರು, ಹಟ್ಟಿಯ ಹೆಸರು, ತಾರೀಖುಗಳನ್ನು ಅದರಲ್ಲಿಯೇ ಹೇಳಿಸಿ, ಒಂದು ಪ್ರತಿಯನ್ನು ಆ ಹಟ್ಟಿಯ ಶಾಲೆಗೂ ಇನ್ನೊಂದನ್ನು ತಾಲ್ಲೂಕಿನ ಗ್ರಂಥಾಲಯಕ್ಕೂ ಕೊಟ್ಟ ಮೇಲೆಯೇ ಅದರ ಬಗೆಗೆ ಲೇಖನ ಬರೆಯಿರಿ.